ಕೊಳದ ದಂಡೆಯ ಬಜೆ

ಗುರುಬಸವ್ವ ಪರದೇಶದ ಯುಟ್ರೆಕ್ಟಿಗೆ, ಮಗನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಮೊಮ್ಮಗನ ಮುಂದೆ ಬಾಯಿ ಕಟ್ಟಿಕೊಂಡು ಕೂತೂ ಅಷ್ಟೇ ದಿನ. ಈಶಾನನಿಗೆ ಮೂರು ವರ್ಷ ತುಂಬುತ್ತ ಬಂದರೂ ಒಂದು ಮಾತೂ ಹೊರಟಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯೋಣ ಅಂದಿದ್ದರು ಡಾಕ್ಟರು. ಆದರೆ ಸೊಸೆ ಸ್ಮಿತಾಳಿಗೆ ಯಾರೋ ಗೆಳತಿ ಹೇಳಿಬಿಟ್ಟಿದ್ದಳು: ಮೂರು ಭಾಷೆ ಸೇರಿ ಮಗುವಿಗೆ ಗೊಂದಲ, ಕನ್ನಡ ನಿಲ್ಲಿಸಿ. ಧಾರವಾಡದಲ್ಲಿ ಇಡೀ ಓಣಿಯನ್ನು ಮಾತಿನಲ್ಲೇ ಆಳಿದ ಹೆಂಗಸು ಮೂಕಿಯಂತೆ ಕೂಸಿಗೆ ಅನ್ನ ಉಣ್ಣಿಸುತ್ತಿದ್ದಳು. ಇಂಥ ಶಿಕ್ಷೆ ಶತ್ರುವಿಗೂ ಬೇಡ.

ಆ ಶನಿವಾರ ಮಗ ವಿರೂಪಾಕ್ಷ ಆಫೀಸಿನ ಕೆಲಸವೆಂದು ಮನೆಯಲ್ಲೇ ಉಳಿದ. ಅತ್ತೆ, ಸೊಸೆ, ಕೂಸು ಊರ ನಡುವಿನ ಹಳೆಯ ಸಸ್ಯತೋಟಕ್ಕೆ ಹೋದರು. ಹಿಂದೆ ವೈದ್ಯಕೀಯ ಓದುವವರಿಗಾಗಿ ಔಷಧಿ ಗಿಡ ಬೆಳೆಸುತ್ತಿದ್ದ ಜಾಗವಂತೆ. ಗಿಡಕ್ಕೊಂದು ಫಲಕ, ಫಲಕದ ತುಂಬ ಗುರುಬಸವ್ವನಿಗೆ ಓದಲು ಬಾರದ ಅಕ್ಷರ. ಕೊಳದ ದಂಡೆಯಲ್ಲಿ ನೆಟ್ಟಗೆ ನಿಂತ ಎಲೆಗಳನ್ನು ಕಂಡಾಗ ಮಾತ್ರ ಅವಳಿಗೆ ಫಲಕ ಬೇಕಾಗಲಿಲ್ಲ. ಧಾರವಾಡದ ಮನೆಯ ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಅವಳೇ ಬೆಳೆಸಿದ್ದ ಬಜೆ ಅದು. ಕೂಸುಗಳಿಗೆ ಮಾತು ಬರಲೆಂದು ಅದರ ಬೇರು ತೇಯ್ದು ನಾಲಿಗೆಗೆ ಮುಟ್ಟಿಸುವುದು ರೂಢಿ. ಹಿಂದುಮುಂದು ನೋಡದೆ ಒಂದು ಎಲೆ ಹರಿದು ಮೂಸಿದಳು. ಅದೇ ಘಾಟು.

"ಅತ್ತೆ, ಇಲ್ಲಿ ಕೀಳೋ ಹಾಗಿಲ್ಲ." ಸ್ಮಿತಾಳ ಮುಖ ಕೆಂಪಾಯಿತು.

ಅಷ್ಟರಲ್ಲಿ ಕೆಸರು ಬೂಟಿನ ತೋಟಗಾರ್ತಿ ಬಂದೇಬಿಟ್ಟಳು. ಬೈಯಲಿಲ್ಲ ಪುಣ್ಯಾತ್ಗಿತ್ತಿ. ಬಾಯಿಗೆ ಹಾಕಬೇಡಿ ಅಂದು, ನಿಮ್ಮಲ್ಲಿ ಇದನ್ನು ಏನು ಮಾಡುತ್ತೀರಿ ಎಂದು ಕೇಳಿದಳು.

"ನೀವು ಹೇಳಿ ಅತ್ತೆ, ನಾನು ಎಕ್ಸ್‌ಪ್ಲೇನ್ ಮಾಡ್ತೀನಿ," ಅಂದಳು ಸ್ಮಿತಾ.

ಅಂದದ್ದೇ ತಡ, ಕಟ್ಟೆ ಒಡೆಯಿತು. ಬಜೆಯಿಂದ ಹೊರಟ ಮಾತು ಬಚ್ಚಲಿಗೆ, ಬಚ್ಚಲಿನಿಂದ ವಿರೂಪಾಕ್ಷನ ಬಾಲ್ಯಕ್ಕೆ ಜಾರಿತು. ನೋಡನೋಡುತ್ತ ಗುರುಬಸವ್ವ ತೋಟಗಾರ್ತಿಯನ್ನೂ ಮರೆತು ಮೊಮ್ಮಗನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ನಿಮ್ಮಪ್ಪ ಈ ಬಜಿ ಕೀಳಾಕ ಹೋಗಿ, ಕಾಲು ಜಾರಿ, ಕೆಸರಾಗ ಧೊಪ್ಪಂತ ಬಿದ್ದ ನೋಡಪಾ. ಮೈಯೆಲ್ಲಾ ರಾಡಿ. ಎತ್ತಿ ನಿಲ್ಲಿಸಿದ್ರ, ಮತ್ತ ಧೊಪ್ಪ."

ಈಶಾನ ಅಜ್ಜಿಯ ಬಾಯನ್ನೇ ನೋಡಿದ. ಆಮೇಲೆ ಬೇಕೆಂದೇ ಹುಲ್ಲಿನ ಮೇಲೆ ಕುಸಿದು ಕೂತ.

"ಧೊಪ್ಪ," ಅಂದ.

ಎದ್ದ, ಮತ್ತೆ ಬಿದ್ದ, ಮತ್ತೆ ಅಂದ. ಮುಂದೆ ಹೇಳು ಎಂಬಂತೆ ಅಜ್ಜಿಯ ಸೆರಗು ಜಗ್ಗಿದ.

ಆಗ ಗುರುಬಸವ್ವನಿಗೆ ಎಚ್ಚರವಾಯಿತು. ಗಪ್ಪನೆ ಬಾಯಿಗೆ ಕೈ ಅಡ್ಡ ಹಿಡಿದಳು. "ತಪ್ಪಾತವಾ ಸ್ಮಿತಾ, ಮರತಽ ಬಿಟ್ಟೆ."

ಸ್ಮಿತಾ ಒದ್ದೆ ಹುಲ್ಲಿನ ಮೇಲೆ ಕೂತು, ಅತ್ತೆಯ ಕೈಯನ್ನು ಬಾಯಿಂದ ಮೆಲ್ಲಗೆ ಬಿಡಿಸಿದಳು. ಅವಳ ಕಣ್ಣಲ್ಲಿ ಧಾರಾಕಾರ ನೀರು. "ತಪ್ಪು ನಂದು ಅತ್ತೆ. ನಿಲ್ಲಿಸ್ಬೇಡಿ. ಮನೇಲೂ ನಿಲ್ಲಿಸ್ಬೇಡಿ."

ಗುರುಬಸವ್ವನ ಎದೆ ತುಂಬಿ ಬಂತು. ಗಿಡಕ್ಕೂ, ಬೈಯದ ಆ ಹೆಂಗಸಿಗೂ, ಸೊಸೆಗೂ ಒಟ್ಟಿಗೇ ಕೈಮುಗಿದಳು. ಆಮೇಲೆ ತೋಳು ಚಾಚಿದಳು.

"ಬಾರಪಾ ನನ್ನ ಕಂದಾ. ಮುಂದ ಏನಾತು ಅಂದ್ರ..."