ಗುಡ್ಡಮ್ಮ ಮುಚ್ಚಿಟ್ಟ ಗಡ್ಡೆ

ಮೆಣಸೆಯ ಗುಡ್ಡಮ್ಮನಿಗೆ ಓರಗಿತ್ತಿ ಮಲ್ಲಿಕಾಳನ್ನು ಕಂಡರೆ ಹೊಟ್ಟೆಯೊಳಗೆ ಕೆಂಡ. ಹೋದ ವರ್ಷ ಮಲ್ಲಿಕಾಳ ಎದೆಯಲ್ಲಿ ಗಡ್ಡೆ ಸಿಕ್ಕಿತು, ಕ್ಯಾನ್ಸರ್ ಎಂದರು, ಆಪರೇಷನ್ ಆಯಿತು, ಚೇತರಿಸಿಕೊಂಡಳು. ಅಂದಿನಿಂದ ಕಾಫಿ ಕೊಯ್ಲಿನ ಚೀಲ ಹೊರುವಂತಿಲ್ಲ. ಕಣದಲ್ಲಿ ಕೂತು ಹಣ್ಣು ಆರಿಸುವ ಕೆಲಸ. ನೀರು ತರುವವನು ಗಂಡ ಯೋಗೇಶ. ಮಹಿಳಾ ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಬೇರೆ.

"ರೋಗ ಬಂದದ್ದೇ ಬಂದದ್ದು, ಮಹಾರಾಣಿ ಆಗಿಬಿಟ್ಳು!"

ಹೀಗೆ ಗೊಣಗುವ ಗುಡ್ಡಮ್ಮನ ಎದೆಯಲ್ಲೂ ನಾಲ್ಕು ತಿಂಗಳಿಂದ ಗಡ್ಡೆಯಿತ್ತು. ನೋವಿಲ್ಲ. ಈಚೆಗೆ ಕಂಕುಳಲ್ಲೂ ಒಂದು. ಬಾಯಿ ಬಿಟ್ಟರೆ 'ಮಲ್ಲಿಕಾಳನ್ನು ನೋಡಿ ಇವಳೂ ಶುರು ಮಾಡಿದಳು' ಎಂದಾರು! ಕೊಯ್ಲಿನ ಚೀಲದ ಪಟ್ಟಿ ಉಜ್ಜಿ ಬಂದದ್ದೆಂದು ತನಗೆ ತಾನೇ ಹೇಳಿಕೊಂಡಳು.

ಒಂದು ದಿನ ಆಶಾ ಕಾರ್ಯಕರ್ತೆ ದೀಪಶ್ರೀ ತಿಂಡಿಯ ಹೊತ್ತಿಗೆ ಕಣಕ್ಕೇ ಬಂದು ಕ್ಯಾನ್ಸರ್ ಹೇಗೆ ಹುಟ್ಟುತ್ತದೆಂದು ವಿವರಿಸಿದಳು.

"ಮೈಯೊಳಗಿನ ಜೀವಕೋಶ ಹಳತಾದ್ರೆ ಸಾಯ್ತದೆ, ಬೇಕಾದಷ್ಟೇ ಹೊಸತು ಹುಟ್ತದೆ. ಒಂದು ಕೋಶದೊಳಗಿನ ಕಟ್ಟಳೆ ಕೆಟ್ರೆ ಅದು ಸಾಯೋದೂ ಇಲ್ಲ, ಹೆಚ್ಚೋದು ನಿಲ್ಸೋದೂ ಇಲ್ಲ. ಹೆಚ್ಚುತ್ತಾ ಹೆಚ್ಚುತ್ತಾ ಇನ್ನೂ ಬದಲಾಗ್ತದೆ. ಆಮೇಲೆ ಗಡ್ಡೆಯಿಂದ ಕಳಚಿಕೊಂಡು ಹೊರಡ್ತದೆ."

"ಎಲ್ಲಿಗೆ ಮಾರಾಯ್ತಿ? ಜಯಪುರದ ಸಂತೆಗಾ?" ಗುಡ್ಡಮ್ಮ ಕೆಣಕಿದಳು. ಎಲ್ಲರೂ ನಕ್ಕರು.

"ಹೆಚ್ಚಾಗಿ ಮೊದಲು ಕಂಕುಳಿನ ಗ್ರಂಥಿಗೆ, ಗುಡ್ಡಮ್ಮಕ್ಕ. ರಕ್ತದಲ್ಲಿ ಸೇರಿದ್ರೆ ಮೂಳೆ, ಶ್ವಾಸಕೋಶ, ಲಿವರ್, ಮಿದುಳು. ಅಷ್ಟು ದೂರ ಹೋದ್ರೆ ಹತೋಟಿಗೆ ತರ್ಬಹುದು, ಪೂರ್ತಿ ವಾಸಿ ಮಾಡೋದು ಕಷ್ಟ."

ಗುಡ್ಡಮ್ಮನ ಕೈ ಕಂಕುಳಿಗೆ ಹೋಯಿತು. ಮಲ್ಲಿಕಾ ಅದನ್ನು ನೋಡಿದಳು; ಅವಳನ್ನು ಶೆಡ್ಡಿನ ಹಿಂದಕ್ಕೆ ಎಳೆದೊಯ್ದಳು.

"ತೋರ್ಸು ಅಕ್ಕ."

"ತೋರಿಸಿದ್ರೆ ನಗ್ತೀಯ. ಇವಳಿಗೂ ಕುರ್ಚಿ ಬೇಕಂತೆ ಅಂತೀಯ."

ಮಲ್ಲಿಕಾ ಸೆರಗು ಸರಿಸಿ ಚಪ್ಪಟೆಯಾದ ಎದೆಯ ಉದ್ದದ ಗಾಯದ ಗುರುತು ತೋರಿಸಿದಳು. "ಇದ್ರ ಮೇಲಾ ನಿನ್ನ ಹೊಟ್ಟೆಕಿಚ್ಚು? ನಂಗೂ ನಿನ್ನ ಕಂಡ್ರೆ ಹೊಟ್ಟೆಕಿಚ್ಚೇ. ನಿನ್ನ ತೋಳು ಮೇಲಿನ ಕೊಂಬೆಗೆ ಎಟುಕ್ತದೆ. ನಂದು ತಲೆ ಬಾಚೋಕೂ ಏಳೋದಿಲ್ಲ."

ಗುಡ್ಡಮ್ಮ ಅಳುತ್ತ ರವಿಕೆಯ ಗುಂಡಿ ಬಿಚ್ಚಿದಳು.

ಸಂಜೆ ಗಡ್ಡೆಯ ವಿಷಯ ಕೇಳಿದ ಗುಡ್ಡಮ್ಮನ ಗಂಡ ಕರಿಯಣ್ಣ, "ಕೊಯ್ಲು ಮುಗೀಲಿ, ನೋಡುವ" ಎಂದ.

"ಕೊಯ್ಲಿಗೆ ಬೇರೆ ಆಳು ಸಿಗ್ತಾರೆ. ನಂಗೆ ಬೇರೆ ಮೈ ಸಿಗೋದಿಲ್ಲ!"

ಕರಿಯಣ್ಣ ಮರುದಿನ ಬೆಳಗಿನ ಬಸ್ಸಿಗೆ ತಾನೇ ಮುಂದೆ ನಡೆದ. ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಕ್ಯಾನ್ಸರ್ ಕಂಕುಳು ಮುಟ್ಟಿತ್ತು. ಅದರಾಚೆ ಎಲ್ಲೂ ಕಾಣಲಿಲ್ಲ. ಚಿಕಿತ್ಸೆ ಶುರುವಾಗಿದೆ. ನಾಲ್ಕು ತಿಂಗಳ ಹಿಂದೆಯೇ ಬಂದಿದ್ದರೆ ಇಷ್ಟೂ ಹಬ್ಬುತ್ತಿರಲಿಲ್ಲವೇನೋ.

ಅಕ್ಕತಂಗಿಯರೇ, ಎದೆ ಎಂಬ ಪದವನ್ನೇ ನಾಚಿಕೆಯ ಮಾತಾಗಿಸಿ ನಮ್ಮ ಬಾಯಿ ಕಟ್ಟಿದವರು ಯಾರೂ ನಮ್ಮ ಬದಲು ಆಸ್ಪತ್ರೆಯ ಮಂಚದ ಮೇಲೆ ಮಲಗುವುದಿಲ್ಲ. ಎದೆಯಲ್ಲಿ ಗಡ್ಡೆ, ಮೊಲೆತೊಟ್ಟಿನಿಂದ ರಕ್ತ, ಗುಳಿಬಿದ್ದ ಚರ್ಮ, ಕಂಕುಳಲ್ಲಿ ಊತ, ಯಾವುದು ಕಂಡರೂ, ನೋವಿಲ್ಲದಿದ್ದರೂ, ಈ ವಾರವೇ ತೋರಿಸಿ. ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಆದರೆ ಆ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿ. ಊರು ಏನಾದರೂ ಅಂದುಕೊಳ್ಳಲಿ, ನೀವು ಬಸ್ಸು ಹತ್ತಿ.