ತಲೆಯಿಲ್ಲದ ಮೊದಲ ಹಾಡು

ಗುರುವಾರ ಅಮ್ಮನಿಗೆ ಆಪರೇಷನ್. ಗಂಟಲಿನ ಗಂಟು ತೆಗೆಯಬೇಕು. ತೆಗೆದ ಮೇಲೆ ದನಿ ಹೀಗೇ ಉಳಿಯುತ್ತದೆಂದು ಭರವಸೆ ಕೊಡಲಾರೆ ಎಂದರು ಡಾಕ್ಟರು. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಿದರು, ಅಮ್ಮನ ಕಡೆ ನೋಡಲಿಲ್ಲ. ಅವತ್ತಿನಿಂದ ನನಗೆ ಒಂದೇ ಹಟ. ಅವಳ ದನಿಯನ್ನು ಈಗ ಇರುವ ಹಾಗೆಯೇ ಫೋನಿನಲ್ಲಿ ಹಿಡಿದಿಡಬೇಕು. ಹಾಡಾದರೆ ಹಾಡು, ಬೈಗುಳವಾದರೆ ಬೈಗುಳ.

"ಒಂದೇ ಒಂದು ಹಾಡು, ಮೇಯ್," ಎಂದು ಅಮ್ಮನನ್ನು ಗೋಗರೆದೆ.

"ಒಂದು ಸಲ ಹಿಡಿದಿಟ್ಟಿದ್ದೇ ಸಾಕಾಗಿದೆ ನಂಗೆ. ನಿನ್ನ ಪಾಠ ಕಾಲೇಜಿನ ಹುಡುಗೀರಿಗೆ ಇಟ್ಕೋ ಹೋಗು," ಎಂದಳು ಅಮ್ಮ.

ಆಮೇಲೆ ನಾನು ಕೇಳಲಿಲ್ಲ. ಅವಳು ಅಡುಗೆಮನೆಯಲ್ಲಿದ್ದಾಗಲೆಲ್ಲ ಫೋನನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟು ರೆಕಾರ್ಡ್ ಒತ್ತುತ್ತಿದ್ದೆ. ನನ್ನ ಮನೆಗೆ ಹೋಗಿ ಕೇಳಿದರೆ ಪಾತ್ರೆಗಳ ಸದ್ದು ಮಾತ್ರ. ಆಪರೇಷನ್ನಿನ ಮಾತು ಬಂದಾಗಿನಿಂದ ಅಮ್ಮ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಅನ್ನ ನುಂಗುವಾಗ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದರೆ ಸರ ಸರಿಮಾಡಿಕೊಳ್ಳುವವಳಂತೆ ನಟಿಸುತ್ತಿದ್ದಳು.

ಭಾನುವಾರ ಚರ್ಚು ಮುಗಿಸಿ ಎಲ್ಲರೂ ಶಿಲ್ಲಾಂಗಿನ ಮಲ್ಕಿ ಬಡಾವಣೆಯ ಅಮ್ಮನ ಮನೆಯಲ್ಲಿ ಸೇರಿದೆವು. ಆ ಮನೆ ಈಗ ನನ್ನ ತಂಗಿ ರಿದಾಲಿನ್‌ಳದು. ನಮ್ಮಲ್ಲಿ ಮನೆ ಕಿರಿಯ ಮಗಳಿಗೇ ಬರುವುದಲ್ಲವೇ. ಅವಳ ಗಂಡ ಕಿಟ್‌ಬೋಕ್ ಮದುವೆಯಾಗಿ ಆ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಎಲ್ಲಿ ಕೂರಬೇಕು, ಎಷ್ಟು ಜೋರಾಗಿ ನಗಬೇಕು ಎಂದು ಇನ್ನೂ ಅಳೆಯುತ್ತಿದ್ದ ಪಾಪ.

ಊಟದ ನಂತರ ನಮ್ಮಲ್ಲೊಂದು ರೂಢಿ ಇದೆ. ವಾರಕ್ಕೊಬ್ಬರು ತಮಗಿಷ್ಟವಾದ ಒಂದು ಆಲ್ಬಂ ತಂದು ಅದರ ಮೊದಲ ಹಾಡನ್ನು ಹಾಕಬೇಕು. ಮೊದಲನೆಯದು ಮಾತ್ರ. ಅದು ಮುಗಿದ ಕೂಡಲೇ ಟೇಪು ನಿಲ್ಲಿಸಬೇಕು. ಇದು ಪಾ, ಅಂದರೆ ನಮ್ಮ ಅಪ್ಪ, ಮಾಡಿದ ಕಾನೂನು. "ಮನೆಗೆ ಬಂದೋರಿಗೆ ಮೊದ್ಲು ಕ್ವಾಯ್ ಕೊಡ್ತೀವಲ್ಲ, ಮೊದಲ್ನೇ ಹಾಡು ಅಂದ್ರೆ ಅದು. ಅದನ್ನ ಬಾಯಿಗೆ ಹಾಕ್ಕೊಂಡ್ಮೇಲೆ ಕೂರೋದೋ ಏಳೋದೋ ನಿಮ್ಮಿಷ್ಟ," ಅನ್ನುತ್ತಿದ್ದ, ಕ್ವಾಯ್‌ಗೆಂದು ಹಸಿ ಅಡಿಕೆಯ ಹೋಳಿಗೆ ಸುಣ್ಣ ಹಚ್ಚಿದ ಎಲೆ ಸುತ್ತುತ್ತ. ಅಪ್ಪ ಹೋಗಿ ವರ್ಷಗಳಾದವು. ತೀರಿಕೊಂಡವರ ಬಗ್ಗೆ ನಮ್ಮವರು ಹೇಳುವಂತೆ, ಈಗ ಅವನು ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿದ್ದಾನೆ.

ಅಮ್ಮ ಇಪ್ಪತ್ತರ ಹರೆಯದಲ್ಲಿ ಊರಿನ ಒಂದು ತಂಡದ ಜೊತೆ ಹಾಡಿದ್ದಳು. ಒಂದೇ ಕ್ಯಾಸೆಟ್ಟು ಬಂದಿತ್ತು. ಅದರ ಮೊದಲ ಹಾಡು ಅವಳದು. ನಮ್ಮ ಮನೆಯ ಪ್ರತಿಯಲ್ಲಿ ಅದು ಅರ್ಧ ಸಾಲಿನಿಂದ ಶುರುವಾಗುತ್ತಿತ್ತು: "...ಹಚ್ಚಿಡು, ನಾ ಬರುವುದು ತಡವಾದೀತು." ಹಚ್ಚಿಡುವುದು ಏನನ್ನು ಎಂದು ನಾವು ಅಕ್ಕತಂಗಿಯರಿಬ್ಬರೂ ಕೇಳಿದವರಲ್ಲ. ಆ ಹಾಡು ಇರುವುದೇ ಹಾಗೆ ಅಂದುಕೊಂಡು ಹಾಗೆಯೇ ಹಾಡಿಕೊಂಡು ಬೆಳೆದೆವು.

ಆ ಭಾನುವಾರ ಕಿಟ್‌ಬೋಕ್‌ನ ಸರದಿ. ಕೋಟಿನ ಒಳಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದ.

"ನಮ್ಮನೆಗೆ ಹೋಗಿ ನಮ್ಮ ಮೇಯ್ ಹತ್ರ ಇಸ್ಕೊಂಡು ಬಂದೆ. ಇದಕ್ಕಿಂತ ಒಳ್ಳೆ ಮೊದಲ್ನೇ ಹಾಡು ಈ ಶಿಲ್ಲಾಂಗಲ್ಲೇ ಇಲ್ಲ."

ರಿದಾ ಕವರಿನ ಮೇಲೆ ಅಮ್ಮನ ತಂಡದ ಹೆಸರು ನೋಡಿ ನಕ್ಕಳು. "ಅತ್ತೆಗೆ ಬೆಣ್ಣೆ ಹಚ್ಚೋಕೆ ಬಂದ್ಯಾ? ಇದು ನಮ್ಮನೇಲೂ ಇದೆ ಕಣೋ."

ಅಮ್ಮನ ಮುಖ ಬಿಳಿಚಿಕೊಂಡಿತು. "ಅದು ಬೇಡ," ಎಂದಳು. ಆದರೆ ದನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಮಾತ್ರ ಕೇಳಿಸಿತು. ಕಿಟ್‌ಬೋಕ್ ಗುಂಡಿ ಒತ್ತಿಯಾಗಿತ್ತು.

ಸುಯ್ ಎನ್ನುವ ಸದ್ದು. ಯಾರೋ ಕುರ್ಚಿ ಎಳೆದರು. ಗಿಟಾರು ನಾಲ್ಕು ಹೆಜ್ಜೆ ನಡೆಯಿತು. ಆಮೇಲೆ, ಬಾಯಿ ತುಂಬಿಕೊಂಡ ಒಬ್ಬ ಹುಡುಗಿಯ ದನಿ: "ತಾಳ್ರೋ, ತಾಳ್ರೋ! ಬಾಯಲ್ಲಿ ಕ್ವಾಯ್ ಇದೆ!" ಅವಳು ಕಿಸಕ್ಕನೆ ನಕ್ಕಳು. ಹಿಂದಿನಿಂದ ಒಬ್ಬ ಗಂಡಸು ನಕ್ಕ, ಉಸಿರು ಸಿಗದೆ, ಕೊನೆಗೆ ಕೆಮ್ಮಿಕೊಂಡು. ಗಿಟಾರು ಮತ್ತೆ ಮೊದಲಿನಿಂದ ಶುರುವಾಯಿತು. "ದೀಪ ಹಚ್ಚಿಡು..."

ನಗುತ್ತ ನಗುತ್ತ ಕೆಮ್ಮುವುದು ನಮ್ಮ ಮನೆಯಲ್ಲಿ ಒಬ್ಬನಿಗೇ ಇದ್ದ ಚಾಳಿ. ರಿದಾ ನನ್ನ ಮೊಣಕೈ ಹಿಡಿದುಕೊಂಡಳು.

"ಕಾಂಗ್, ಅದು ಪಾ ಅಲ್ವಾ?" ಎಂದಳು, ಚಿಕ್ಕವಳಿದ್ದಾಗ ಅಕ್ಕನನ್ನು ಕರೆಯುತ್ತಿದ್ದ ದನಿಯಲ್ಲಿ.

ಕಿಟ್‌ಬೋಕ್ ನಮ್ಮ ಮುಖಗಳನ್ನು ನೋಡಿ ಹೆದರಿದ. "ಯಾಕೆ, ನಿಮಗೆ ಗೊತ್ತಿರ್ಲಿಲ್ವಾ? ನಮ್ಮನೇಲಿ ಯಾರನ್ನಾದ್ರೂ ಹಾಡು ಅಂದ್ರೆ ಮೊದ್ಲು 'ಬಾಯಲ್ಲಿ ಕ್ವಾಯ್ ಇದೆ' ಅಂತಾನೇ ಹೇಳೋದು. ನಮ್ಮ ಕಡೆ ಚರ್ಚಿನ ಹಾಡುಗಾರರೂ ಹೇಳ್ತಾರೆ."

ಹಾಡು ಮುಗಿಯಿತು. ಅಮ್ಮನೇ ಎದ್ದು ಟೇಪು ನಿಲ್ಲಿಸಿದಳು.

"ರೆಕಾರ್ಡ್ ಮಾಡೋ ಮಿಷನ್ನು ನೋಡ್ಕೋತಾ ಇದ್ದೋನು ನಿಮ್ಮಪ್ಪಾನೇ," ಎಂದಳು. "ಆ ಕೋಣೆ ಮಂಜುಗಡ್ಡೆ ಇದ್ದ ಹಾಗಿತ್ತು. ಮೈ ಬೆಚ್ಚಗಾಗ್ಲಿ ಅಂತ ಕ್ವಾಯ್ ಕೊಟ್ಟ. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ? ಅಷ್ಟರಲ್ಲಿ ಗಿಟಾರಿನೋನು ಶುರು ಮಾಡೇಬಿಟ್ಟ. ಅಳಿಸ್ರೋ ಅಂದೆ. ಚೆನ್ನಾಗಿದೆ, ಇರ್ಲಿ ಅಂದ್ರು. ಆಮೇಲೆ ನಾನು ಸಂತೆಗೆ ಕಾಲಿಟ್ರೆ ಸಾಕು, ಮೀನು ಮಾರೋರಿಂದ ಹಿಡಿದು ಎಲ್ರೂ ಅದನ್ನೇ ಕೂಗೋರು. ಮನೆಗೆ ಬಂದು ಅತ್ಬಿಟ್ಟೆ."

"ಅದಕ್ಕೆ ಪಾ ನಮ್ಮ ಟೇಪು ಕತ್ತರಿಸಿದ್ನಾ?" ಎಂದೆ.

"ಊರಿನ ಬಾಯಿ ಮುಚ್ಚಿಸೋಕಾಗಲ್ಲ, ನಮ್ಮ ಮನೇಲಾದ್ರೂ ಅದು ಬೇಡ ಅಂದ. ಕತ್ತರಿ ತಗೊಂಡು ಕೂತ. ಕೈ ತಪ್ಪಿ ದೀಪಾನೂ ಹೋಯ್ತು." ಅಮ್ಮ ಶಾಲಿನ ಅಂಚನ್ನು ಮಡಚಿದಳು, ಬಿಡಿಸಿದಳು. "ಅವನ ನಗುವೂ ಅದ್ರಲ್ಲೇ ಇತ್ತು ಅನ್ನೋದು ನಂಗೆ ಮರ್ತೇಹೋಗಿತ್ತು."

ಮೊದಲ ಹಾಡಿಗಾಗಿಯೇ ಬದುಕಿದಂತಿದ್ದ ಮನುಷ್ಯ ತನ್ನ ಮನೆಯಲ್ಲಿ ಇಷ್ಟು ವರ್ಷ ತಲೆಯಿಲ್ಲದ ಹಾಡನ್ನು ಕೇಳಿಕೊಂಡು, ಒಂದು ದಿನವೂ ಕಾರಣ ಬಾಯಿಬಿಡದೆ ಇದ್ದುಬಿಟ್ಟ.

"ಇನ್ನೊಂದ್ಸಲ ಹಾಕಪ್ಪ," ಎಂದಳು ಅಮ್ಮ.

"ರೂಲ್ಸು, ಮೇಯ್?" ಎಂದಳು ರಿದಾ.

"ರೂಲ್ಸು ಮಾಡಿದೋನೇ ಅಲ್ಲಿ ನಗ್ತಾ ಇದಾನೆ. ಹಾಕು."

ಎರಡನೆಯ ಸಲ ಅಮ್ಮನೂ ನಕ್ಕಳು. ಟೇಪು ನಿಂತ ಮೇಲೆ ನನ್ನ ಕಡೆ ತಿರುಗಿದಳು.

"ಎಲ್ಲಿ ನಿನ್ನ ಫೋನು? ಸಕ್ಕರೆ ಡಬ್ಬಿ ಹಿಂದೇನೋ, ಅಥವಾ ಇವತ್ತು ಉಪ್ಪಿನ ಡಬ್ಬೀನೋ? ಕಳ್ಳಿ. ಮುಂದೆ ಇಡು ಅದನ್ನ."

ನನ್ನ ಮುಖ ಬಿಸಿಯಾಯಿತು. ಫೋನು ತಂದು ಅವಳೆದುರು ಇಟ್ಟೆ. ಬ್ಯಾಟರಿ ನೋಡಿದೆ, ಜಾಗ ಇದೆಯೋ ನೋಡಿದೆ, ಮತ್ತೆ ಬ್ಯಾಟರಿ ನೋಡಿದೆ.

ಅಷ್ಟರಲ್ಲಿ ಅಮ್ಮ ತಟ್ಟೆಯಿಂದ ಒಂದು ಹೋಳು ಅಡಿಕೆ ಎತ್ತಿ, ಎಲೆ ಸುತ್ತಿ, ಬಾಯಿಗೆ ಹಾಕಿಕೊಂಡಿದ್ದಳು. "ಇದನ್ನ ಮುಗಿಸ್ತೀನಿ. ಆಮೇಲೆ ದೀಪದಿಂದಾನೇ ಶುರು ಮಾಡ್ತೀನಿ, ನಿಮಗೂ ಸರಿಯಾಗಿ ಗೊತ್ತಾಗ್ಲಿ," ಎಂದಳು. ಕೆನ್ನೆ ಒಂದು ಕಡೆ ಉಬ್ಬಿತ್ತು.

ಅವಳ ಬಾಯಿ ಖಾಲಿಯಾಗುವವರೆಗೆ ನಾನು ಕಾಯಲಿಲ್ಲ. ಗುಂಡಿ ಒತ್ತಿದೆ.