ಫೈಟರ್‌ಗೆ ಜೋಡಿ ಹುಡುಕಿದ ಮಾಂತೇಶ

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯ ಬದಿಗೆ ಲಾರಿ, ಟ್ರ್ಯಾಕ್ಟರ್ ತೂಗುವ ಒಂದು ಕಾಟಾ ಇದೆ. ಅದರ ಪಕ್ಕದ ಗಾಜಿನ ಕೋಣೆಯಲ್ಲಿ ಕುಳಿತು ತೂಕದ ಚೀಟಿ ಕೊಡುವವನು ಮಾಂತೇಶ. ಇಡೀ ದಿನ ಕಾಟಾದಲ್ಲಿ ಕೂತರೂ ಅವನಿಗೆ ಕಾಟ ಕೊಡುವವರು ಯಾರೂ ಇರಲಿಲ್ಲ. ಅದೇ ಅವನ ದುಃಖ.

ವಯಸ್ಸು ನಲವತ್ತೊಂದು. ಹನ್ನೊಂದು ಕಡೆ ಕನ್ಯಾ ನೋಡಿ ಬಂದಿದ್ದ. ಹನ್ನೊಂದು ಕಡೆಯೂ ಅವಲಕ್ಕಿ ಚೆನ್ನಾಗಿತ್ತು, ಅಷ್ಟೇ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬನೇ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ನೂರು ಗಾಡಿ ಬರುತ್ತಿದ್ದವು. ಗಾಡಿ ಏರುತ್ತಿತ್ತು, ತೂಗುತ್ತಿತ್ತು, ಇಳಿಯುತ್ತಿತ್ತು. ಚೀಟಿ ಹಿಡಿದ ಕೈ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ.

ಮಾತಿನ ಚಟಕ್ಕೆ ಅವನು ತಾನೇ ಎರಡು ದನಿ ತೆಗೆಯುತ್ತಿದ್ದ. ಮೊದಲು ಡ್ರೈವರನ ದಪ್ಪ ದನಿ: “ಊಟ ಆತೇನ್ಪಾ ಮಾಂತೇಶಾ?” ಆಮೇಲೆ ತನ್ನದು: “ಆತ್ರಿ ಮಾಲಕ್ರ, ನಿಮ್ದು?” ಮೂರನೆಯ ಮಾತು ಏನಿರಬೇಕೆಂದು ಹೊಳೆಯುತ್ತಿರಲಿಲ್ಲ. ಮುಂದಿನ ಗಾಡಿಯ ಚೀಟಿ ಹರಿಯುತ್ತಿದ್ದ.

ಒಂದು ದಿನ ಪೇಟೆಯಿಂದ ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್ ತಂದು ಕಾಟಾದ ಕೋಣೆಯಲ್ಲಿಟ್ಟ. ಅದರೊಳಗೆ ಒಂದು ನೀಲಿ ಫೈಟರ್ ಮೀನು. ಬಾಲವೆಂದರೆ ತಲೆಗೆ ಸುತ್ತಿದ ಪಟಕಾ ಬಿಚ್ಚಿ ಹರವಿದ ಹಾಗೆ. ಮಾಂತೇಶ ಬಾಗಿಲು ತೆಗೆದರೆ ಸಾಕು, ಮೀನು ಗಾಜಿನ ಬಳಿ ಬರುತ್ತಿತ್ತು. ಈಗ ಅವನು ಮೀನಿಗೂ ಒಂದು ಸಣ್ಣ ದನಿ ಕೊಟ್ಟ. ಮಾತು ಮೂರಲ್ಲ, ಮೂವತ್ತಕ್ಕೆ ಏರಿತು.

ಸಂಪಗಾಂವದ ಟ್ರ್ಯಾಕ್ಟರ್ ಡ್ರೈವರ್ ಬಸವಣ್ಣೆಪ್ಪ ಒಮ್ಮೆ ಕಿಟಕಿಯಲ್ಲಿ ಇಣುಕಿದ. ಮೊದಲು ಎತ್ತು ಹೂಡುತ್ತಿದ್ದ ಹಿರಿಯ.

“ಏನೋ ಮಾಂತೇಶಾ, ಗಾಜಿನ್ಯಾಗ ನೀ ಒಬ್ಬಾಂವ, ಅದರಾಗ ಅದೊಂದ! ನಿನಗಂತೂ ಜ್ವಾಡಿ ಸಿಗಲಿಲ್ಲ. ಆ ಮೂಕ ಜೀವಕ್ಕರ ಒಂದ ಜ್ವಾಡಿ ತರೋ. ಒಂಟಿ ಎತ್ತು ಮೇವು ಮುಟ್ಟೂದಿಲ್ಲ, ತಿಳಕೊ.”

ಬಸವಣ್ಣೆಪ್ಪ ನಕ್ಕು ಹೋದ. ಮಾಂತೇಶನಿಗೆ ಮಾತ್ರ ಆ ಮಾತು ಎದೆಗೆ ನಾಟಿತು. ತನ್ನ ಪಾಡು ಆ ಮೀನಿಗೆ ಬೇಡ ಎಂದುಕೊಂಡ. ಮರುದಿನವೇ ಪೇಟೆಗೆ ಹೋಗಿ ಒಂದು ಕೆಂಪು ಫೈಟರ್ ತಂದ. ಮನೆ ತುಂಬಿರಲಿ ಎಂದು ಒಂದು ಪಟ್ಟೆಪಟ್ಟೆಯ ಜೀಬ್ರಾ ಮೀನು, ಒಂದು ಗೋಲ್ಡ್‌ಫಿಶ್ ಮರಿ ಕೂಡ ತಂದ. ಅಂಗಡಿಯವನು ಇನ್ನೊಂದು ಕಪ್ಪು ಮೀನು ತೋರಿಸಿ, “ಇದು ಸಕ್ಕರ್ ರೀ, ಪಾಚಿ ತಿಂತೈತಿ” ಎಂದ. ಇಡೀ ದಿನ ಕಬ್ಬು ತೂಗುವ ಕಿವಿಗೆ ಅದು ‘ಸಕ್ಕರಿ’ ಎಂದೇ ಕೇಳಿಸಿತು. ಕಬ್ಬಿನ ಕಾಟಾಕ್ಕೆ ಸಕ್ಕರೆ ಮೀನು! ಅದನ್ನೂ ತಂದ. ಸಂಜೆ ಅದಕ್ಕೆಂದು ಒಂದು ಚೂರು ಬೆಲ್ಲವನ್ನೂ ನೀರಿಗೆ ಹಾಕಿದ.

ನೀಲಿ, ಕೆಂಪು ಎರಡೂ ಎದುರಾಬದುರು ನಿಂತು ಕಿವಿರು ಅರಳಿಸಿದವು. ಮಾಂತೇಶ ಬೀಗರ ದನಿ ತೆಗೆದ: “ಬರ್ರಿ ಬೀಗ್ರ, ಕುಂದರ್ರಿ, ಮಾತಾಡೂಣು!” ಬೀಗರು ಮಾತಾಡಲಿಲ್ಲ, ಕಚ್ಚಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ನೀರು ಮಜ್ಜಿಗೆಯಂತಾಗಿತ್ತು. ಕೆಂಪು ಮೀನು ತೇಲುತ್ತಿತ್ತು. ನೀಲಿ ಮೀನು ಚಿಂದಿಯಾದ ಬಾಲದೊಂದಿಗೆ ತಳಕ್ಕೆ ಬಿದ್ದಿತ್ತು.

ಮಾಂತೇಶ ಚಹಾ ಸೋಸುವ ಜಾಳಿಗೆಯಿಂದ ಕೆಂಪು ಮೀನನ್ನು ಎತ್ತಿ, ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ. ಟನ್‌ಗಟ್ಟಲೆ ತೂಗುವವನ ಕೈಯಲ್ಲಿ ಅದು ಏನೂ ತೂಗಲಿಲ್ಲ. ಉಳಿದವನ್ನೆಲ್ಲ ಹೊಳೆಗೆ ಬಿಟ್ಟು, ಟ್ಯಾಂಕನ್ನು ಅಟ್ಟಕ್ಕೆ ಹಾಕಬೇಕೆಂದು ಬಕೆಟ್ ತಂದ.

ಅಷ್ಟರಲ್ಲಿ ಗೋವಿನಜೋಳದ ಟ್ರ್ಯಾಕ್ಟರ್ ಬಂತು. ಅದರೊಂದಿಗೆ ಬಂದಿದ್ದವಳು ಸಂಪಗಾಂವದ ಯಶೋಧಾ. ಅವಳೂ ಅವಳ ಸಂಘದ ಹೆಂಗಸರೂ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿ ಮಾರುತ್ತಿದ್ದರು.

“ಅಣ್ಣಾರ, ಚೀಟಿ ಕೊಡ್ರಿ... ಅಯ್ಯ, ಈ ಮೀನಿಗೆ ಏನಾತ್ರಿ?”

“ಹೊಳಿಗೆ ಬಿಡಾಕ ಹೊಂಟೇನ್ರಿ ಅಕ್ಕಾರ. ನನ್ನ ಕೈಗುಣಾನ ಸರಿ ಇಲ್ಲ.”

“ಕೈಗುಣ ಅಲ್ರಿ, ಕೂಡಿಸಿದ್ದ ಸರಿ ಇಲ್ಲ. ಎರಡ ಫೈಟರ್ ಇಟ್ಟಿದ್ರೇನು?”

“ಒಂಟಿ ಇರಬಾರ್ದು ಅಂದ್ರು ಬಸವಣ್ಣೆಪ್ಪ ಕಾಕಾ.”

“ಕಾಕಾಗ ಎತ್ತು ಗೊತ್ತು, ಈ ಮೀನಿನ ಗತ್ತು ಗೊತ್ತಿಲ್ಲ. ಇದು ಎತ್ತಲ್ರಿ, ಹೋರಿ. ಒಂದ ಗೂಟಕ್ಕ ಎರಡ ಹೋರಿ ಕಟ್ಟತೀರೇನು?”

“ಹಂಗಾರ ಹೆಣ್ಣು ತರಬೇಕಾಗಿತ್ತ?”

“ಹೆಣ್ಣು ತಂದ್ರೂ ಬೆನ್ನತ್ತಿ ಕಚ್ಚತೈತಿ. ಇದಕ್ಕ ಒಬ್ಬನ ಇರೂದ ಸುಖ.”

ಮಾಂತೇಶ ತಲೆ ತಗ್ಗಿಸಿದ. “ಒಬ್ಬನ ಇರೂದು ಸುಖ ಅಂಬೂದು ಸುಳ್ಳರಿ” ಎಂದ, ಮೆಲ್ಲಗೆ.

ಯಶೋಧಾ ಟ್ಯಾಂಕಿನಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. “ನಿಮಗ ಸುಳ್ರಿ ಅಣ್ಣಾರ. ಅದಕ್ಕ ಖರೆ.”

ಆಮೇಲೆ ಟ್ಯಾಂಕಿನ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ನೀರು ಸೋಸುವ ಫಿಲ್ಟರಿನ ಹಿಂದೆ ಜೀಬ್ರಾ ಮೀನು ಅಡಗಿ ಕೂತಿತ್ತು.

“ಇದು ನೋಡ್ರಿ ನಿಮ್ಮಂಥಾದ್ದು. ಇದಕ್ಕ ಮಂದಿ ಬೇಕು. ಕಡಿಮಿ ಅಂದ್ರೂ ಆರು ಕೂಡಿ ಇರಬೇಕು, ಓಡಾಡಾಕ ಉದ್ದನ ಟ್ಯಾಂಕ್ ಬೇಕು. ಒಂದ ತಂದ್ರ ಅಂಜಿ ಮೂಲಿ ಹಿಡಿತೈತಿ. ಈ ಗೋಲ್ಡ್‌ಫಿಶ್ ಈಗ ಕರ, ನಾಳೆ ಎಮ್ಮಿ. ಗೇಣುದ್ದ ಬೆಳಿತೈತಿ, ಹೊಲಸೂ ಬಾಳ ಮಾಡತೈತಿ. ಈ ಸಣ್ಣ ಟ್ಯಾಂಕ್ ಸಾಲೂದಿಲ್ಲ.”

“ಸಕ್ಕರಿ ಮೀನರ ಇರಲಿ? ಅದಕ್ಕ ಬೆಲ್ಲಾನೂ ಹಾಕೇನಿ.”

“ಬೆಲ್ಲ?” ಯಶೋಧಾ ಸೆರಗು ಬಾಯಿಗಿಟ್ಟುಕೊಂಡಳು. “ಅದಕ್ಕ ನೀರು ಕೆಟ್ಟೈತ್ರಿ! ಅದು ಸಕ್ಕರಿ ಅಲ್ಲ, ಸಕ್ಕರ್. ಬೆಳೆದ್ರ ಒಂದ ಫೂಟಿನ ಮ್ಯಾಲ ಆಗತೈತಿ. ಅಂಗಡ್ಯಾಂವಗ ತಿರುಗಿ ಕೊಡ್ರಿ. ಹೊಳಿಗೆ ಮಾತ್ರ ಯಾವದನ್ನೂ ಬಿಡಬ್ಯಾಡ್ರಿ. ಹೊರಗಿನ ಮೀನ ಹೊಳಿಗೆ ಬಿದ್ರ ಹೊಳಿ ಮೀನಿಗೆ ಕುತ್ತು.”

“ಎಲ್ಲಾ ಕೊಟ್ರ ನನಗೇನ ಉಳೀತ್ರಿ?”

“ಒಂದ ಮೀನ. ಅದನ್ನ ಉಳಿಸಿಕೋರಿ ಮೊದಲ.”

ಮಾಂತೇಶನಿಗೆ ಅಳು ಬಂದಂತಾಯಿತು. ಅಷ್ಟು ಜನರನ್ನು ತಂದಿದ್ದ, ಮತ್ತೆ ಒಬ್ಬನ ಲೆಕ್ಕಕ್ಕೆ ಬಂದಿತ್ತು. ಆದರೂ ತಳದಲ್ಲಿ ಬಿದ್ದ ನೀಲಿ ಮೀನು ಒಮ್ಮೆ ಮೇಲೆ ಬಂದು ಉಸಿರು ತೆಗೆದುಕೊಂಡು ಹೋದದ್ದನ್ನು ನೋಡಿದ. ಬಕೆಟ್ ಕೆಳಗಿಟ್ಟ. “ಏನ ಮಾಡ್ಲಿ, ಹೇಳ್ರಿ.”

ಯಶೋಧಾ ಅಲ್ಲೇ ನಿಂತು ಮಾಡಿ ತೋರಿಸಿದಳು. ಕುಡಿಯಲು ತುಂಬಿಟ್ಟ ನಿನ್ನೆಯ ನೀರು ಕೊಡದಲ್ಲಿತ್ತು. ಟ್ಯಾಂಕಿನ ಕಾಲು ಭಾಗ ನೀರು ತೆಗೆದು ಅದನ್ನು ಹಾಕಿಸಿದಳು. ನೀರು ತಿಳಿಯಾಗುವವರೆಗೆ ದಿನಾ ಹೀಗೆ, ಆಮೇಲೆ ವಾರಕ್ಕೊಮ್ಮೆ. ನಲ್ಲಿ ನೀರು ನೇರ ಹಾಕಬಾರದು, ಔಷಧಿ ವಾಸನೆ ಹೋಗಲು ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ಇಡಬೇಕು. ಮೀನಿನ ಆಹಾರದ ಕಾಳು ಹಾಕಿದರೆ ಮೂರೋ ನಾಲ್ಕೋ. ಫೈಟರ್ ಜಿಗಿಯುತ್ತದೆ, ಅದಕ್ಕೆ ಟ್ಯಾಂಕಿಗೆ ಮುಚ್ಚಳ ಬೇಕು, ಗಾಳಿಯಾಡಲು ಸಂದು ಇರಬೇಕು.

“ಮುಂದ ಬಾಳ ಮೀನ ನೋಡೂ ಆಸೆ ಆದ್ರ ಬ್ಯಾರೆ ಟ್ಯಾಂಕ್ ಮಾಡ್ರಿ. ಖಾಲಿ ನೀರಾಗ ಫಿಲ್ಟರ್ ಕೆಲವು ವಾರ ಓಡಲಿ. ಆಮ್ಯಾಲೆ ನಾಕ ಸಣ್ಣ ಗಪ್ಪಿ ಮೀನ ತರ್ರಿ, ಎಲ್ಲಾ ಗಂಡು. ನಮ್ಮ ಬೋರಿನ ಗಡಸ ನೀರು ಅವಕ್ಕ ಒಗ್ಗತೈತಿ. ಹೆಣ್ಣೂ ತಂದ್ರ ಎರಡ ತಿಂಗಳಿಗೆ ಮರಿ ತೂಗಾಕ ನಿಮ್ಮ ಕಾಟಾನ ಬೇಕಾಗತೈತಿ!”

ಮಾಂತೇಶ ನಕ್ಕ. ತನ್ನ ದನಿಯಲ್ಲೇ ನಕ್ಕ.

ಯಶೋಧಾ ಜೀಬ್ರಾವನ್ನೂ ಗೋಲ್ಡ್‌ಫಿಶ್ಶನ್ನೂ ಬಕೆಟ್‌ನಲ್ಲಿಟ್ಟುಕೊಂಡು ಹೋದಳು. ಸಕ್ಕರ್ ಮೀನನ್ನು ಮಾಂತೇಶ ಅಂಗಡಿಗೆ ಮರಳಿಸಿದ. ಮೂರು ವಾರಕ್ಕೆ ನೀಲಿ ಮೀನಿನ ಬಾಲದ ಅಂಚಿನಲ್ಲಿ ತೆಳ್ಳನೆಯ ಹೊಸ ಪೊರೆ ಚಿಗುರಿತು.

ಬಸವಣ್ಣೆಪ್ಪ ಮತ್ತೆ ಇಣುಕಿದ. “ಯಾಕೋ, ಮತ್ತ ಒಂದ ಇಟ್ಟಿ? ಪಾಪ ಬರ್ತೈತಲೇ.”

“ಕಾಕಾ, ಹೋರಿಗೆ ಹೋರಿ ಜ್ವಾಡಿ ಮಾಡಿದ್ನಿ. ಒಂದು ಸತ್ತಿತು.”

ಬಸವಣ್ಣೆಪ್ಪ ಪಟಕಾ ಸರಿಮಾಡಿಕೊಂಡ. ಹಿಂದಿನ ಗಾಡಿ ಹಾರ್ನ್ ಹೊಡೆದರೂ ಸರಿಯಲಿಲ್ಲ. “ನಾ ಹೇಳಿದ್ದ ತಪ್ಪಾತು ಬಿಡಪಾ. ನಮ್ಮ ಮೊಮ್ಮಗಳೂ ಮೀನ ಬೇಕಂತ ಹಟಾ ಹಿಡದಾಳ. ಯಾವದ ತರಲಿ?”

“ಮೊದಲ ಹೇಳ್ರಿ, ಟ್ಯಾಂಕ್ ಎಷ್ಟ ದೊಡ್ಡದು?”

ಅಲ್ಲಿಯವರೆಗೆ ಆ ಕಾಟಾದ ಮೇಲೆ ಯಾವ ಗಾಡಿಯೂ ಬಸವಣ್ಣೆಪ್ಪನ ಟ್ರ್ಯಾಕ್ಟರಿನಷ್ಟು ಹೊತ್ತು ನಿಂತಿರಲಿಲ್ಲ.

ರಜೆಯ ದಿನ ಮಾಂತೇಶ ಸಂಪಗಾಂವಕ್ಕೆ ಹೋದ. ಯಶೋಧಾಳ ತೊಟ್ಟಿಯಲ್ಲಿ ಇಪ್ಪತ್ತು ಜೀಬ್ರಾ ಮೀನು ಒಂದೇ ಗುಂಪಾಗಿ ತಿರುಗುತ್ತಿದ್ದವು. ತನ್ನದು ಯಾವುದೆಂದು ಎಷ್ಟು ಹುಡುಕಿದರೂ ಗುರುತು ಸಿಗಲಿಲ್ಲ. ಮೂಲೆಯಲ್ಲಿ ಮಾತ್ರ ಯಾವುದೂ ಇರಲಿಲ್ಲ. ಅವನು ತೊಟ್ಟಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಮಾತಿಗೆ ಯಾರೂ ಇಲ್ಲವೆಂದು ಮೀನು ತರುವುದು ತಪ್ಪಲ್ಲ. ಆದರೆ ನಿಮಗೆ ಬೇಕಾದದ್ದೇ ಅದಕ್ಕೂ ಬೇಕು ಎಂದುಕೊಳ್ಳಬೇಡಿ. ದೊಡ್ಡದಾದರೆ ಎಷ್ಟುದ್ದ ಆಗುತ್ತದೆ, ಒಂದೇ ಇರುವ ಮೀನೋ ಗುಂಪಿನ ಮೀನೋ, ನಮ್ಮ ನೀರು ಅದಕ್ಕೆ ಹೊಂದುತ್ತದೋ ಇಲ್ಲವೋ, ಇಷ್ಟನ್ನು ತಿಳಿದವರ ಹತ್ತಿರ ವಿಚಾರಿಸಿ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ, ಕೆರೆ-ಹೊಳೆಗೆ ಬಿಡಬೇಡಿ. ಮೀನು ದಿನವಿಡೀ ಬಾಯಿ ತೆರೆಯುತ್ತದೆ, ಒಂದು ಮಾತೂ ಆಡುವುದಿಲ್ಲ. ಅದರ ಪರವಾಗಿ ಅಂಗಡಿಯಲ್ಲೇ ಬಾಯಿ ಬಿಟ್ಟು ಕೇಳಬೇಕಾದವರು ನೀವು.